ನೀರಿನ ಟ್ಯಾಂಕಿನ ಮೇಲೆ ತೆರೆದಿದ್ದ ಕಿಟಕಿ

ನನ್ನ ಹೆಂಡತಿ ದಿನಾ ಸಂಜೆ ನಾಲ್ಕರಿಂದ ಐದರವರೆಗೆ ನೀರಿನ ಟ್ಯಾಂಕಿನ ಮೇಲೆ ಯಾರೋ ಗಂಡಸಿನ ಜೊತೆ ಕೂತಿರುತ್ತಾಳೆ ಎಂದು ನನಗೆ ಹೇಳಿದವರು ಎದುರುಮನೆಯ ಪುಟ್ಟತಾಯಮ್ಮ. ಆ ಹೊತ್ತಿನಲ್ಲಿ ಪುಟ್ಟತಾಯಮ್ಮನವರ ಮೂರು ಕಿಟಕಿಗಳು ತೆರೆದಿದ್ದವು. ಒಬ್ಬ ಪುಟ್ಟತಾಯಮ್ಮ ತಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ಇನ್ನೊಬ್ಬರು ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಿಂತಿದ್ದರು, ಮತ್ತೊಬ್ಬರು ಮಗಳ ಬಾಣಂತನ ಮಾಡುತ್ತಿದ್ದರು, ನಾಲ್ಕನೆಯವರು ಬರೀ ಊರು ನೋಡುವುದಕ್ಕೆಂದು ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕೂತಿದ್ದರು. ಜಗಲಿಯವರಿಗೆ ಅರ್ಧ ಸಂಗತಿ ಮಾತ್ರ ಗೊತ್ತಿತ್ತು. ಉಳಿದ ಅರ್ಧ ಬೆಂಚಿನವರ ಹತ್ತಿರ ಇತ್ತು. ಆ ಕಿಟಕಿ ಇನ್ನೂ ಮುಚ್ಚಿರಲಿಲ್ಲವಾದ್ದರಿಂದ ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೇ ಹೋಗಿ ಕೇಳಬೇಕಾಯಿತು.

"ನಾನು ಚಾಡಿ ಹೇಳೋಳಲ್ಲಪ್ಪ ಶಿವಸ್ವಾಮಿ," ಅಂದರು ಬೆಂಚಿನ ಪುಟ್ಟತಾಯಮ್ಮ. ಇವರ ಕೂದಲು ಇನ್ನೂ ಕಪ್ಪು. ಈ ಕಿಟಕಿ ತೆರೆದು ಇಪ್ಪತ್ತು ವರ್ಷವಾಗಿದೆ, ತೆರೆದ ದಿನ ಹೇಗಿದ್ದರೋ ಹಾಗೇ ಇದ್ದಾರೆ. "ಅವನ ಬೆನ್ನು ಮಾತ್ರ ಕಾಣುತ್ತೆ. ಸಣಕಲು ಆಳು. ತಲೆ ತುಂಬ ಕೂದಲು. ನಿನ್ನ ಹೆಂಡ್ತಿ ನಗ್ತಾಳೆ ನೋಡು, ಇಲ್ಲೀ ತನಕ ಕೇಳಿಸುತ್ತೆ."

ಇಲ್ಲೀ ತನಕ! ನಮ್ಮ ಅಡುಗೆಮನೆಯಿಂದ ನಡುಮನೆಗೆ ನಾಗವೇಣಿಯ ನಗು ಕೇಳಿಸಿ ಎಷ್ಟು ವರ್ಷವಾಯಿತೋ ನನಗೆ ಗೊತ್ತಿಲ್ಲ. ಅವಳು ಯಾರ ಜೊತೆ ಕೂತಿದ್ದಾಳೆ ಅನ್ನುವುದಕ್ಕಿಂತ, ಅವನು ಏನು ಹೇಳಿದರೆ ಅವಳು ಅಷ್ಟು ನಗುತ್ತಾಳೆ ಅನ್ನುವುದೇ ನನ್ನನ್ನು ಸುಟ್ಟಿತು. ನಾನು ಹೇಳಿದ್ದಕ್ಕೆ ಅವಳು 'ಹೂಂ' ಅನ್ನುತ್ತಾಳೆ. ಬಹಳ ಸಂತೋಷವಾದರೆ 'ಹೌದಾ' ಅನ್ನುತ್ತಾಳೆ.

ಈ ಕಿಟಕಿಗಳ ವಿಷಯ ತಿಳಿಯದೆ ಇರಲು ನಾನೇನು ಹೊರಗಿನವನಲ್ಲ. ನಮ್ಮೂರಲ್ಲಿ ವಯಸ್ಸಿಗೆ ಬಂದವರಿಗೆಲ್ಲ ಒಂದೊಂದು ಕಂಪ್ಯೂಟರ್, ಅದರಲ್ಲಿ 'ಹಾಜರಿ' ಅನ್ನುವ ಒಂದೇ ಪ್ರೋಗ್ರಾಂ. ಆ ಪ್ರೋಗ್ರಾಂ ನೋಡಿಕೊಳ್ಳುವ ಇಬ್ಬರಲ್ಲಿ ನಾನು ಹಿರಿಯ. ಹೊಸ ಕಿಟಕಿ ಒತ್ತಿ ಜಾಗದ ಹೆಸರು ಬರೆದರೆ ನೀವು ಅಲ್ಲಿರುತ್ತೀರಿ, ಮನೆಯಲ್ಲೂ ಇರುತ್ತೀರಿ. ಕಿಟಕಿ ಮುಚ್ಚುವ ತನಕ ಅಲ್ಲಿರುವವರಿಗೆ ಇಲ್ಲಿಯದು, ಇಲ್ಲಿರುವವರಿಗೆ ಅಲ್ಲಿಯದು ತಿಳಿಯುವುದಿಲ್ಲ. ಮೂಲೆಯ ಇಂಟು ಗುರುತು ಒತ್ತಿದರೆ 'ಇಲ್ಲಿ ನಡೆದದ್ದನ್ನು ಉಳಿಸಲೇ?' ಎಂದು ಕೇಳುತ್ತದೆ. ಉಳಿಸು ಅಂದರೆ ಅಲ್ಲಿ ಕಂಡದ್ದು, ಆಡಿದ್ದು, ಉಂಡದ್ದು ಎಲ್ಲ ನಿಮ್ಮೊಳಗೆ ಬಂದು ಸೇರುತ್ತದೆ. ಬೇಡ ಅಂದರೆ ಆ ಹೊತ್ತು ಯಾರದೂ ಆಗದೆ ಹೋಗುತ್ತದೆ. ಬೇಜಾರಿನ ಸಭೆಗಳನ್ನು, ಬೀಗರ ಮನೆಯ ಜಗಳಗಳನ್ನು ಜನ ಹಾಗೆ ಬಿಟ್ಟುಬಿಡುತ್ತಾರೆ.

ಇದು ಮುಚ್ಚುವ ಕಥೆ. ಮುಗಿಸುವುದು ಬೇರೆ. 'ಮುಗಿಸು' ಒತ್ತಿದರೆ ಎಲ್ಲ ಕಿಟಕಿಗಳೂ ಒಟ್ಟಿಗೆ ಮುಚ್ಚಿ ಮನುಷ್ಯ ಮನೆಯಲ್ಲಿ ಒಬ್ಬನೇ ಆಗುತ್ತಾನೆ. ಹಬ್ಬದ ದಿನ ಎಣ್ಣೆ ನೀರು ಹಾಕಿಕೊಳ್ಳುವ ಮುಂಚೆ ಮುಗಿಸುವವರುಂಟು, ಮೈ ಹಗುರವಾಗುತ್ತದಂತೆ. ಅಂತೆ ಯಾಕೆಂದರೆ, ಊರಿಗೆಲ್ಲ ಆಗಾಗ ಮುಗಿಸಿ ಎಂದು ಬೋರ್ಡು ಬರೆಸಿದ ನಾನು ನನ್ನ ಯಂತ್ರದಲ್ಲಿ ಒಂದು ಸಲವೂ ಮುಗಿಸಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮುಗಿಸುವಾಗ ಏನು ಕೇಳಬೇಕು ಅನ್ನುವ ವಿಷಯದಲ್ಲಿ ನನಗೂ ನನ್ನ ಕೈಕೆಳಗಿನ ವರದರಾಜನಿಗೂ ಎರಡು ವರ್ಷ ಜಗಳ ನಡೆಯಿತು. ತೆರೆದಿರುವ ಪ್ರತಿ ಕಿಟಕಿಯ ಹೆಸರು ಹಿಡಿದು, ಇದನ್ನು ಉಳಿಸಲೇ, ಅದನ್ನು ಉಳಿಸಲೇ ಎಂದು ಒಂದೊಂದಾಗಿ ಕೇಳಬೇಕು ಅನ್ನುವುದು ಅವನ ವಾದ. ಮುಗಿಸುತ್ತೇನೆ ಅಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಅಷ್ಟು ಪ್ರಶ್ನೆ ಕೇಳುವುದು ಅಧಿಕಪ್ರಸಂಗ ಅನ್ನುವುದು ನನ್ನದು. ಒಂದೇ ಪ್ರಶ್ನೆ, ಮೂರು ಬಟನ್: ಉಳಿಸಿ ಮುಗಿಸು, ಉಳಿಸದೆ ಮುಗಿಸು, ತಡೆ.

"ಮುಚ್ಚೋನಿಗೆ ಏನು ಮುಚ್ತಿದೀನಿ ಅಂತ ಗೊತ್ತಿರುತ್ತೆ ಸಾರ್. ಮುಗಿಸೋನಿಗೆ ಗೊತ್ತಿರಲ್ಲ. ಕಿಟಕಿ ಒಂದರ ಹಿಂದೆ ಒಂದು ಇರುತ್ತೆ. ಮೇಲಿನ ಎರಡು ಕಾಣುತ್ತೆ, ಅಡೀಲಿರೋದು ಯಾರಿಗೆ ನೆನಪಿರುತ್ತೆ?" ಅಂದಿದ್ದ.

"ನೆನಪಿಲ್ಲದ್ದು ಹೋದರೆ ನಷ್ಟ ಏನಯ್ಯ?" ಅಂದಿದ್ದೆ. ಹಿರಿಯ ನಾನಾದ್ದರಿಂದ ಗೆದ್ದವನೂ ನಾನೇ.

ವರದರಾಜ ಸಣಕಲು ಆಳು. ತಲೆ ತುಂಬ ಕೂದಲು. ದಿನಾ ನಾಲ್ಕಕ್ಕೆ ಸರಿಯಾಗಿ ಟೀ ಕುಡಿಯಲು ಎದ್ದು ಹೋಗುತ್ತಾನೆ. ಪುಟ್ಟತಾಯಮ್ಮನ ಮಾತು ಕೇಳಿ ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯಲ್ಲೇ ನನಗೆ ಇದೆಲ್ಲ ಹೊಳೆದುಬಿಟ್ಟಿತು.

ಒಂದು ವಾರ ನಾನು ನಾಲ್ಕು ಗಂಟೆಗೆ ಮನೆಯಲ್ಲಿರುವ ಹಾಗೆ ನೋಡಿಕೊಂಡೆ. ಕಚೇರಿಯಲ್ಲಿ ಕಿಟಕಿಯ ಶಿವಸ್ವಾಮಿ ಇದ್ದ, ಬಸ್ ಸ್ಟ್ಯಾಂಡಿನ ಪಕ್ಕದ ಕೇರಂ ಕ್ಲಬ್ಬಿನಲ್ಲೂ ಒಬ್ಬ ಇದ್ದ. ನಾನು ನಡುಮನೆಯಲ್ಲಿ ಪೇಪರ್ ಹಿಡಿದು ಕೂತು ನಾಗವೇಣಿಯನ್ನು ನೋಡಿದೆ. ನಾಲ್ಕಕ್ಕೆ ತನ್ನ ಯಂತ್ರದ ಮುಂದೆ ಅರೆಗಳಿಗೆ ಕೂರುತ್ತಿದ್ದಳು, ಎದ್ದು ಬಂದು ಸೊಪ್ಪು ಬಿಡಿಸುತ್ತಿದ್ದಳು, ಹುರುಳಿ ಆರಿಸುತ್ತಿದ್ದಳು. ಐದಕ್ಕೆ ಮತ್ತೆ ಹೋಗಿ ಕೂರುತ್ತಿದ್ದಳು. ಉಳಿಸು ಅನ್ನುವ ಬಟನ್ ಒತ್ತಿದ ಸದ್ದು ನನಗೆ ಕೇಳಿಸುತ್ತಿತ್ತು. ಆಮೇಲೆ ಅವಳ ಮುಖದಲ್ಲಿ ಮೆಲ್ಲಗೆ ಒಂದು ನಗು ಏರುತ್ತಿತ್ತು. ಒಂದು ಗಂಟೆಯ ನಗು ಒಟ್ಟಿಗೆ ಬರುತ್ತಿತ್ತಲ್ಲ, ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಹಾಗೇ ನಗುತ್ತ ಬಂದು ನನಗೆ ಕಾಫಿ ಕೊಡುತ್ತಿದ್ದಳು. ಅವನಿಂದ ಮಿಕ್ಕಿದ್ದು ನನಗೆ. ಆ ಕಾಫಿಯನ್ನು ನಾನು ಏಳು ದಿನ ಕುಡಿದೆ.

ಎಂಟನೆಯ ದಿನ ಟ್ಯಾಂಕಿನ ಹತ್ತಿರ ಹೋದೆ. ಅದರ ಏಣಿ ಮುರಿದು ಬಹಳ ವರ್ಷವಾಯಿತು, ಕಿಟಕಿ ತೆರೆಯದೆ ಮೇಲೆ ಹೋಗುವ ದಾರಿಯೇ ಇಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಒಂದು ಗೀಟು ಗೀಟಿನ ಅಂಗಿಯ ಬೆನ್ನು, ಅದರಾಚೆ ನನ್ನ ನಾಗವೇಣಿಯ ಮುಖ. ಕಾಲು ಇಳಿಬಿಟ್ಟುಕೊಂಡು ಕಡಲೆಕಾಯಿ ಸುಲಿದು ಒಂದು ಅವನ ಕೈಗೆ ಕೊಟ್ಟು, ಒಂದು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವನು ಏನೋ ಅಂದ. ಅವಳು ಅವನ ಭುಜಕ್ಕೆ ಹೊಡೆದು ನಕ್ಕಳು. ಪುಟ್ಟತಾಯಮ್ಮ ಹೇಳಿದ್ದು ಕಡಿಮೆಯೇ, ಆ ನಗು ಬಸ್ ಸ್ಟ್ಯಾಂಡು ದಾಟಿ ಹೋಗುವಂಥದ್ದು.

ಓಡುತ್ತ ಮನೆಗೆ ಬಂದು, ಅಡುಗೆಮನೆಯ ನಾಗವೇಣಿಯ ಕಡೆ ತಿರುಗಿಯೂ ನೋಡದೆ, ನನ್ನ ಯಂತ್ರದಲ್ಲಿ ಹೊಸ ಕಿಟಕಿ ಒತ್ತಿ 'ನೀರಿನ ಟ್ಯಾಂಕಿನ ಮೇಲೆ' ಎಂದು ಬರೆದೆ. 'ಈ ಜಾಗ ಈಗಾಗಲೇ ತೆರೆದಿದೆ' ಎಂದು ಬಂತು. ಮತ್ತೆ ಬರೆದೆ, ಮತ್ತೆ ಅದೇ. ಯಾರೋ ಬೀಗ ಹಾಕಿದ್ದಾರೆ! ನಾನು ಬರಬಾರದು ಎಂದು ಪ್ರೋಗ್ರಾಮಿನೊಳಗೆ ಕೈಹಾಕಿ ಆ ಜಾಗವನ್ನೇ ಕಟ್ಟಿಹಾಕಿದ್ದಾರೆ! ಈ ಊರಲ್ಲಿ ಅಂಥ ಕೆಲಸ ಬಲ್ಲವರು ಇಬ್ಬರು, ಒಬ್ಬ ನಾನು.

ಮಾರನೆಯ ದಿನ ಬೆಳಗ್ಗೆ ಕಚೇರಿಗೆ ಕಿಟಕಿ ತೆರೆಯದೆ ನಡೆದುಕೊಂಡೇ ಹೋದೆ. ವರದರಾಜನ ಕುರ್ಚಿಯ ಹಿಂದೆ ನಿಂತು, "ಟ್ಯಾಂಕಿಗೆ ಯಾಕಯ್ಯ ಬೀಗ ಹಾಕಿದೆ?" ಅಂದೆ.

ಅವನು ತಿರುಗಿ ನೋಡಿದ. "ಯಾವ ಬೀಗ ಸಾರ್?"

"ನಾನು ತೆರೆದರೆ ಈಗಾಗಲೇ ತೆರೆದಿದೆ ಅನ್ನುತ್ತೆ."

ವರದರಾಜ ಬಹಳ ಮೆಲ್ಲಗೆ, "ಆ ಸಾಲು ಬರೆದೋರು ನೀವೇ ಅಲ್ವಾ ಸಾರ್? ಅದು ಯಾವಾಗ ಬರುತ್ತೆ ಅಂತ ನೀವೇ ಯೋಚನೆ ಮಾಡಿ," ಅಂದ.

"ನನಗೆ ಪಾಠ ಹೇಳಬೇಡ. ನಾಲ್ಕು ಗಂಟೆಗೆ ಎಲ್ಲಿಗೆ ಹೋಗ್ತೀಯ ಅದನ್ನು ಹೇಳು."

"ಟೀಗೆ."

"ಯಾರ ಜೊತೆ?"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇಡೀ ಕಚೇರಿ ನಮ್ಮನ್ನು ನೋಡುತ್ತಿತ್ತು. "ಸಾರ್, ಮನೇಲಿ ಅಮ್ಮಾವ್ರನ್ನ ಒಂದು ಮಾತು ಕೇಳಿ. ನನ್ನನ್ನ ಕೇಳಬೇಡಿ," ಅಂದ. ತಪ್ಪು ಮಾಡಿದವನು ಹೀಗೇ ಮಾತಾಡುವುದು ಎಂದು ನಾನು ನಿರ್ಧರಿಸಿದೆ. ಬಾಯಿಗೆ ಬಂದದ್ದು ಬೈದು, ಮೊದಲು ಮನೆಯ ಕಡೆ ವಿಚಾರಿಸಿಕೊಂಡು ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಬಂದೆ.

ಬಂದವನು ತಕ್ಷಣ ಕೇಳಲಿಲ್ಲ. ಕಾದೆ. ಕಚೇರಿಗೂ ಕೇರಂ ಕ್ಲಬ್ಬಿಗೂ ಕಿಟಕಿ ತೆರೆದು, ನಡುಮನೆಯಲ್ಲಿ ಏನೂ ಆಗದವನ ಹಾಗೆ ಕೂತೆ. ಹಿಡಿದರೆ ಕಳ್ಳತನದ ಹೊತ್ತಿನಲ್ಲೇ ಹಿಡಿಯಬೇಕು. ನಾಲ್ಕಕ್ಕೆ ಅವಳು ಹೋಗಿ ಕಿಟಕಿ ತೆರೆದು ಬಂದಳು. ನಾಲ್ಕೂ ಇಪ್ಪತ್ತಕ್ಕೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅವನು ಯಾರು?" ಅಂದೆ.

ನಾಗವೇಣಿಯ ಕೈಯಲ್ಲಿ ಸೊಪ್ಪಿನ ಕಂತೆ ಇತ್ತು. ಯಾರು, ಏನು ಎಂದು ಅವಳು ಕೇಳಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

"ಅದೊಂದು ಕೇಳಬೇಡಿ ರೀ," ಅಂದಳು. "ಬೇರೆ ಏನು ಬೇಕಾದ್ರೂ ಕೇಳಿ. ನೀವು ಅಂದ್ಕೊಂಡ ಹಾಗೆ ಏನೂ ಇಲ್ಲ."

"ಏನೂ ಇಲ್ಲದವರು ಟ್ಯಾಂಕು ಹತ್ತಿ ಕಡಲೆಕಾಯಿ ತಿನ್ನಿಸ್ತಾರಾ? ನಡಿ. ಇಬ್ಬರೂ ಮುಗಿಸೋಣ. ನನ್ನೆದುರಿಗೆ ನೀನು ಮುಗಿಸು, ನಿನ್ನೆದುರಿಗೆ ನಾನು ಮುಗಿಸ್ತೀನಿ. ಈ ಮನೇಲಿ ಇನ್ನು ಮೇಲೆ ಒಬ್ಬ ಗಂಡ, ಒಬ್ಬಳು ಹೆಂಡ್ತಿ."

"ನಾನು ಮುಗಿಸಲ್ಲ," ಅಂದಳು.

ಹನ್ನೊಂದು ವರ್ಷದಲ್ಲಿ ಅವಳು ನನಗೆ 'ಇಲ್ಲ' ಅಂದದ್ದು ಅದೇ ಮೊದಲಿರಬೇಕು. ಅವನಿಗಾಗಿ ಅಂದಳು. "ನೀನು ಮುಗಿಸಬೇಡ. ನನ್ನದು ನೋಡು. ನನ್ನಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ," ಎಂದು ನನ್ನ ಯಂತ್ರದ ಮುಂದೆ ಕೂತು 'ಮುಗಿಸು' ಒತ್ತಿದೆ.

'ಮೂರು ಕಿಟಕಿಗಳಲ್ಲಿ ಉಳಿಸದ ಸಂಗತಿಗಳಿವೆ. ಉಳಿಸಲೇ?' ಎಂದು ಬಂತು.

ಕಚೇರಿ ಒಂದು, ಕೇರಂ ಕ್ಲಬ್ಬು ಎರಡು. ಮೂರು ಅನ್ನುವ ಅಕ್ಷರ ನನ್ನ ಕಣ್ಣಿಗೆ ಬಿತ್ತು, ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸಿಟ್ಟಿನಲ್ಲಿ ಎಣಿಸುವವರು ಯಾರು? ನಾಗವೇಣಿ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ಸೊಪ್ಪಿನ ಕೈ, ಒದ್ದೆಯಾಗಿತ್ತು. "ತಡೀರಿ! ತಡೆ ಒತ್ತಿ ರೀ, ನಿಮ್ಮ ಕಾಲಿಗೆ ಬೀಳ್ತೀನಿ, ತಡೆ ಒತ್ತಿ!" ಎಂದು ಕೂಗಿದಳು. ಅವನನ್ನು ಕಾಪಾಡಲು ಇವಳು ನನ್ನ ಕಾಲಿಗೂ ಬೀಳುತ್ತಾಳೆ ಎಂದು ನನಗನ್ನಿಸಿತು. ನನ್ನ ಪ್ರೋಗ್ರಾಂ, ನನ್ನ ಕಿಟಕಿ, ಇವಳಿಗೇನು ಎಂದು ಒಂದು ಕ್ಷಣವೂ ಹೊಳೆಯಲಿಲ್ಲ. ಕೈ ಕೊಡವಿ 'ಉಳಿಸದೆ ಮುಗಿಸು' ಒತ್ತಿದೆ.

ಮೈ ಹಗುರವೇನೂ ಆಗಲಿಲ್ಲ. ನಾಗವೇಣಿ ನನ್ನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಅತ್ತರೆ ಗದರಿಸಬೇಕೆಂದು ನಾನು ಕಾದಿದ್ದೆ, ಅವಳು ಅಳಲಿಲ್ಲ.

"ಮೂರನೆಯದು ಯಾವುದು ಅಂತ ಗೊತ್ತಾ?" ಎಂದು ಕೇಳಿದಳು.

ಗೊತ್ತಿರಲಿಲ್ಲ. ಹಾಗೆಂದು ಹೇಳುವ ಹೊತ್ತಿಗೆ ಗೊತ್ತಾಗಿತ್ತು. 'ಈ ಜಾಗ ಈಗಾಗಲೇ ತೆರೆದಿದೆ' ಅನ್ನುವ ಸಾಲನ್ನು ನಾನು ಮರೆಗುಳಿಗಳಿಗಾಗಿ ಬರೆದದ್ದು. ತಾವೇ ಒಂದು ಜಾಗಕ್ಕೆ ಕಿಟಕಿ ತೆರೆದಿಟ್ಟು, ಮರೆತು, ಇನ್ನೊಂದು ಸಲ ತೆರೆಯಲು ಹೋಗುವವರಿಗೆ.

"ಮದುವೆಯಾದ ಹತ್ತನೇ ದಿನ," ಅಂದಳು ನಾಗವೇಣಿ. "ನಿಮ್ಮ ಅಕ್ಕಂದಿರು, ಭಾವಂದಿರು, ಮನೆ ತುಂಬ ಜನ. ಒಂದು ಮಾತಾಡಕ್ಕೆ ಜಾಗ ಇರ್ಲಿಲ್ಲ. ಏಣಿ ಮುರಿದಿದೆ, ಟ್ಯಾಂಕಿನ ಮೇಲೆ ಯಾರೂ ಬರಲ್ಲ ಅಂತ ಕಿಟಕಿ ತೆರೆಸಿದೋರು ನೀವೇ. ಸಂಜೆ ನಾನು ಮುಚ್ಚಿ ಬಂದೆ. ನಿಮ್ಮನ್ನ ಯಾರೋ ಊಟಕ್ಕೆ ಕರೆದ್ರು, ನಿಮ್ಮ ಕಿಟಕಿ ಮುಚ್ಚದೇ ಎದ್ದುಹೋದ್ರಿ. ಮಾರನೇ ದಿನ ನಾನು ತೆರೆದು ನೋಡಿದ್ರೆ ಅವರು ಅಲ್ಲೇ ಕೂತಿದ್ರು. 'ಬಂದ್ಯಾ' ಅಂದ್ರು."

ತೆರೆದದ್ದು ನನಗೆ ನೆನಪಿತ್ತು. ಯಂತ್ರದ ಮುಂದೆ ಇಬ್ಬರೂ ಕದ್ದು ಕೂತದ್ದು, ಹೊರಗೆ ಅಕ್ಕನ ಮಕ್ಕಳ ಗಲಾಟೆ, ಅಷ್ಟೇ. ಅಲ್ಲಿ ಮೇಲೆ ಏನಾಯಿತು ಅನ್ನುವುದು ನನ್ನೊಳಗೆ ಬರಲೇ ಇಲ್ಲ. ಬರುವ ದಾರಿಯನ್ನು ನಾನೀಗ ಮುಚ್ಚಿದ್ದೆ.

"ಹನ್ನೊಂದು ವರ್ಷ ದಿನಾ 'ಬಂದ್ಯಾ' ಅಂದ್ರು," ಅಂದಳು. "ಹೋದ ತಕ್ಷಣ ಇವತ್ತೇನಾಯ್ತು ಅಂತ ಕೇಳ್ತಿದ್ರು. ನಿಮ್ಮ ಸಿಟ್ಟು ಹೇಳಿದ್ರೆ ನಗೋರು. 'ಅವನು ಹಾಗೇ ಕಣೆ, ಪಾಪ, ಬೇಜಾರು ಮಾಡ್ಕೋಬೇಡ' ಅನ್ನೋರು. ನಿಮ್ಮ ಪರವಾಗಿ ನನ್ನ ಹತ್ರ ಎಷ್ಟು ಸಲ ಕ್ಷಮೆ ಕೇಳಿದ್ರೋ."

ನನ್ನ ಹೆಂಡತಿಯ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಲು ಇವನು ಯಾರು? ಆ ಹೊತ್ತಿನಲ್ಲೂ ನನಗೆ ಮೊದಲು ಬಂದ ಯೋಚನೆ ಅದೇ.

"ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಮುಚ್ತಿದ್ರಿ."

"ಉಳಿಸಿ ಮುಚ್ಚುತ್ತಿದ್ದೆ."

"ಉಳಿಸಿದ್ರೂ ಮುಚ್ತಿದ್ರಿ," ಅಂದಳು. ಎದ್ದು ಹೋಗಿ ಮಿಕ್ಕ ಸೊಪ್ಪು ಬಿಡಿಸಿದಳು.

ಐದು ಗಂಟೆಯಾಯಿತು. ಅವಳು ತನ್ನ ಯಂತ್ರದ ಹತ್ತಿರ ಹೋಗಲಿಲ್ಲ. ಮುಚ್ಚುವುದಿಲ್ಲವಾ ಎಂದು ಕೇಳಿದೆ. ಮೇಲಿರುವವಳಿಗೆ ಕಂಡದ್ದು ಅವನು ಇದ್ದಕ್ಕಿದ್ದಂತೆ ಇಲ್ಲವಾದದ್ದು ಮಾತ್ರ, ಯಾಕೆ ಅನ್ನುವುದು ಗೊತ್ತಿಲ್ಲ, ಎಲ್ಲೋ ಹೋಗಿದ್ದಾರೆ ಬರುತ್ತಾರೆ ಎಂದು ಕಾಯುತ್ತಿರುತ್ತಾಳೆ, ಕಾಯಲಿ ಬಿಡಿ ಅಂದಳು. "ಇಲ್ಲಿ ನನಗೆ ಗೊತ್ತಾಗಿರೋದು ಸಾಕು. ಅವಳಿಗೆ ಯಾಕೆ?"

ಕಚೇರಿಗೆ ಹೋಗಿ ವರದರಾಜನ ಮುಂದೆ ನಿಂತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ನೀನು ಹೇಳಿದ ಹಾಗೆ ಹೆಸರು ಹಿಡಿದು ಒಂದೊಂದಾಗಿ ಕೇಳುವಂತೆ ಮಾಡು ಅಂದೆ. ಅವನು ಆಗಲಿ ಸಾರ್ ಅಂದ. ನಾಲ್ಕು ದಿನದಲ್ಲಿ ಮಾಡಿ ಮುಗಿಸಿದ. ಈಗ ಊರಿನವರನ್ನೆಲ್ಲ ಅದು ಸಾವಧಾನವಾಗಿ ಕೇಳುತ್ತದೆ, ಗಿರಣಿಯದನ್ನು ಉಳಿಸಲೇ, ಬಾಣಂತಿಯ ಕೋಣೆಯದನ್ನು ಉಳಿಸಲೇ ಎಂದು. ಜನ ಸಂತೋಷವಾಗಿದ್ದಾರೆ.

ಮನೆಯಲ್ಲಿ ನಾಗವೇಣಿ ಎಲ್ಲ ಕೆಲಸವನ್ನೂ ಮೊದಲಿನ ಹಾಗೇ ಮಾಡಿದಳು. ಐದಕ್ಕೆ ಕಾಫಿ ಬಂತು, ಅದರ ಜೊತೆ ಬರುತ್ತಿದ್ದ ನಗು ಬರಲಿಲ್ಲ. ಅವಳು ಹೂ ಮುಡಿಯುವುದನ್ನು ಬಿಟ್ಟಿದ್ದಾಳೆ ಎಂದು ಎರಡು ವಾರವಾದ ಮೇಲೆ ಗಮನಿಸಿದೆ. ಗಂಡ ಎದುರಿಗೆ ಕೂತು ಕಾಫಿ ಕುಡಿಯುತ್ತಿರುವಾಗ ಅವಳು ಗಂಡನಿಗಾಗಿ ಸೂತಕ ಹಿಡಿದಿದ್ದಳು. ನನಗೆ ಪಶ್ಚಾತ್ತಾಪ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚೇ ಆಯಿತು, ಹಿಂದಿಗಿಂತ ಎರಡರಷ್ಟು. ನಾನು ಸತ್ತರೆ ಇವಳು ಹೀಗಿರುತ್ತಾಳಾ? ಅವನು ನಾನೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವನಿಗೆ ಇವಳ ಹನ್ನೊಂದು ವರ್ಷದ ಸಂಜೆಗಳು ಗೊತ್ತಿದ್ದವು, ನನಗೆ ಒಂದೂ ಗೊತ್ತಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಗೀಟು ಗೀಟಿನ ಅಂಗಿಯೊಂದನ್ನು ಹುಡುಕಿ ಹಾಕಿಕೊಂಡೆ. ಗುಂಡಿ ಹೊಟ್ಟೆಯ ಹತ್ತಿರ ಬಿಗಿಯಾಯಿತು. ಇದ್ದ ನಾಲ್ಕು ಕೂದಲನ್ನು ನೀರು ಹಚ್ಚಿ ಬಾಚಿದೆ. ಹೊಸ ಕಿಟಕಿ ಒತ್ತಿ ಜಾಗದ ಹೆಸರು ಬರೆದೆ. ಈ ಸಲ ತಡೆಯಲಿಲ್ಲ, ಬರೆದ ತಕ್ಷಣ ತೆರೆಯಿತು.

ಟ್ಯಾಂಕಿನ ಮೇಲೆ ಗಾಳಿ ಜೋರಾಗಿತ್ತು. ಸುತ್ತ ಕಡಲೆಕಾಯಿ ಸಿಪ್ಪೆ ಹರಡಿತ್ತು. ನಾಗವೇಣಿ ಅಂಚಿನಲ್ಲಿ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ನನಗೆ ಬೆನ್ನು ಹಾಕಿ ಕೂತಿದ್ದಳು. ತಲೆಯಲ್ಲಿ ಹೂವಿತ್ತು. ನಾನು ಗಂಟಲು ಸರಿಮಾಡಿಕೊಂಡು, ಅವಳಿಂದ ಕೇಳಿ ಕಲಿತ 'ಬಂದ್ಯಾ' ಅನ್ನುವ ಆ ಒಂದು ಮಾತನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಜ್ಜೆಯ ಸದ್ದು ಕೇಳಿ ಅವಳೇ ತಿರುಗಿದಳು.

ಅಂಥ ಮುಖವನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಕಣ್ಣು, ಬಾಯಿ, ಕೆನ್ನೆ ಎಲ್ಲ ಒಟ್ಟಿಗೆ ಅರಳಿತು. ಅರಳಿದ್ದು ನನ್ನನ್ನು ನೋಡಿಯೇ. "ಎಲ್ಲಿಗೆ ಹೋಗಿದ್ರಿ ರೀ? ಎಷ್ಟು ಹೊತ್ತಿಂದ..." ಎಂದು ಅರ್ಧ ಎದ್ದು ಕೈಚಾಚಿದಳು.

ಆಮೇಲೆ ನನ್ನನ್ನು ಸರಿಯಾಗಿ ನೋಡಿದಳು. ಚಾಚಿದ ಕೈ ಸೆರಗು ಸರಿಮಾಡಿಕೊಳ್ಳಲು ಹೋಯಿತು.

"ಓ," ಅಂದಳು, "ನೀವಾ."